ಹೊಗೆ ಲಾರಿಯದು, ನೋಟಿಸು ಶಾವಿಗೆಗೆ

ನಮ್ಮ ಜಿಲ್ಲೆಯ ಗಾಳಿಯನ್ನು ಕಾಯುತ್ತಿರುವ ಮಾನ್ಯ ಪರಿಸರ ಅಧಿಕಾರಿಗಳೇ,

ತಾವು ಸಹಿ ಮಾಡಿ ಕಳಿಸಿದ ನೋಟಿಸು ಕಳೆದ ಗುರುವಾರ ನಮ್ಮ ಕೈ ಸೇರಿತು. ಅಮರಗೋಳದ ನಮ್ಮ ಶಾವಿಗೆ ಘಟಕದ ಕಟ್ಟಿಗೆ ಒಲೆಯಿಂದ ಪರಿಸರಕ್ಕೆ ಧಕ್ಕೆಯಾಗುತ್ತಿದೆ, ಘಟಕದ ಉತ್ಪನ್ನದಲ್ಲಿ ಮಸಿ ಕಂಡುಬಂದಿದೆ, ಆದ್ದರಿಂದ ಹದಿನೈದು ದಿನಗಳೊಳಗೆ ಘಟಕವನ್ನು ಮುಚ್ಚತಕ್ಕದ್ದು ಎಂದು ಅದರಲ್ಲಿದೆ. ಆದರೆ ದೂರು ಕೊಟ್ಟವರು ನಾವು, ಕೊಟ್ಟದ್ದು ಪಂದ್ಯದ ಲಾರಿಗಳ ಹೊಗೆಯ ಮೇಲೆ. ನೋಟಿಸನ್ನು ಮೂರು ಸಲ ಓದಿದೆ, ಲಾರಿ ಎಂಬ ಎರಡಕ್ಷರ ಎಲ್ಲಿಯೂ ಸಿಗಲಿಲ್ಲ. ಹತ್ತು ಚಕ್ರದ ಲಾರಿಗಳನ್ನು ಒಂದು ಹಾಳೆಯಲ್ಲಿ ಇಷ್ಟು ಚೊಕ್ಕವಾಗಿ ಮಾಯ ಮಾಡಿದ ತಮ್ಮ ಕಚೇರಿಗೆ ಮೊದಲು ನನ್ನ ಅಭಿನಂದನೆ.

ಈ ಪತ್ರವನ್ನು ಊರ ಜನರೂ ಓದುತ್ತಾರಾದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಾವು ಆರು ಜನ ಹೆಣ್ಣುಮಕ್ಕಳು ನಮ್ಮ ಮನೆಯ ಮಾಳಿಗೆಯ ಮೇಲೆ ಶಾವಿಗೆ ಮಾಡಿ ಮಾರುತ್ತೇವೆ. ಮನೆಯ ಹಿಂದಿನ ಬಯಲಿನಲ್ಲಿ ಈ ಮಾರ್ಚ್ ತಿಂಗಳ ಪ್ರತಿ ಭಾನುವಾರ ಲಾರಿ ಜಗ್ಗುವ ಪಂದ್ಯ ಇಟ್ಟಿದ್ದಾರೆ. ಚಕ್ರ ಬಿಚ್ಚಿದ ಟ್ರೇಲರಿನ ಮೇಲೆ ಕಲ್ಲು ಹೇರಿ, ಸರಪಳಿಯಿಂದ ಲಾರಿಗೆ ಬಿಗಿಯುತ್ತಾರೆ. ಹೆಚ್ಚು ದೂರ ಎಳೆದವರಿಗೆ ಢಾಲು. ಪಂದ್ಯಕ್ಕೆಂದೇ ಡೀಸೆಲ್ ಪಂಪಿನ ಸ್ಕ್ರೂ ತಿರುವಿ, ಎಂಜಿನ್ನಿಗೆ ಅರಗಿಸಿಕೊಳ್ಳಲಾಗದಷ್ಟು ಎಣ್ಣೆ ಬಿಡುತ್ತಾರೆ. ಹೊಗೆ ಕಪ್ಪಾದಷ್ಟೂ ಲಾರಿಗೆ ಶಕ್ತಿ ಹೆಚ್ಚೆಂದು ನೋಡುವವರ ನಂಬಿಕೆ. ಹೊಗೆ ಉಗುಳದ ಲಾರಿಗೆ ಸೀಟಿಯೂ ಇಲ್ಲ, ಚಪ್ಪಾಳೆಯೂ ಇಲ್ಲ. ಪಂಪ್ ರಿಪೇರಿಯಲ್ಲಿ ಮೂವತ್ತು ವರ್ಷ ಕಳೆದ ಮಿಸ್ತ್ರಿ ಮಕಬೂಲಸಾಬರನ್ನು ನಾನೇ ಹೋಗಿ ಕೇಳಿದೆ. “ಶಕ್ತಿ ಎಲ್ಲೀದ್ರೀ ಅಕ್ಕಾರ? ಸುಡಲಾರದ ಎಣ್ಣಿ ಹಂಗ ಹೊರಗ ಬರತೈತಿ. ನಾ ಹೇಳಿದ್ರ ಕೇಳಂಗಿಲ್ಲ. ಹೊಗಿ ಬರಲಿಲ್ಲಂದ್ರ ಮಂದಿ ನಗತಾರ ಅಂತಾರ,” ಎಂದರು. ದಡ್ಡತನಕ್ಕೆ ಢಾಲು ಕೊಡುವುದು ಅವರವರ ಖುಷಿ ಎಂದು ಸುಮ್ಮನಿರಬಹುದಿತ್ತು. ಆದರೆ ಅದರ ಮಸಿ ಬಂದು ಕೂಡುವುದು ನಮ್ಮ ಮಾಳಿಗೆಯ ಮೇಲೆ.

ಮೊದಲ ಭಾನುವಾರ ಕೇಶ್ವಾಪುರದ ಒಂದು ಮದುವೆ ಮನೆಗೆಂದು ಮಾಡಿದ ಶಾವಿಗೆ ಬಿದಿರು ಕೋಲುಗಳ ಮೇಲೆ ಒಣಗುತ್ತಿತ್ತು. ಪಂದ್ಯ ಮುಗಿಯುವ ಹೊತ್ತಿಗೆ ಅಷ್ಟೂ ಕಪ್ಪು. ಬಟ್ಟೆಯಾದರೆ ಒಗೆಯಬಹುದು, ಕಾಳಾದರೆ ತೊಳೆಯಬಹುದು, ಶಾವಿಗೆಯನ್ನು ಏನು ಮಾಡುವುದು? ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಗುಡ್ಡವ್ವ, ಕೈಯಿಂದ ಕೂದಲೆಳೆಯಂತೆ ಶಾವಿಗೆ ಹೊಸೆಯುವವಳು, ಸೆರಗಿನಿಂದ ಒಂದೊಂದೇ ಎಳೆ ಒರೆಸುತ್ತ ಕುಳಿತಳು. ಒರೆಸಿದ್ದೆಲ್ಲ ಮುರಿಯಿತು. “ಇದನ್ನ ಯಾರ ಮದವಿಗೆ ಕೊಡೂದವಾ ಇನ್ನ?” ಎಂದಳು. ಮರುವಾರ ಧೋತರ ಹೊದಿಸಿದೆವು. ಬಿಸಿಲು ತಾಗದೆ ಶಾವಿಗೆ ಹುಳಿಯಾಯಿತು. ದೂರು ಕೊಡಲು ಕಚೇರಿಗೆ ಬಂದಾಗ, ಭಾನುವಾರ ಬಿಟ್ಟು ಬೇರೆ ದಿನ ಮಾಡಿರೆಂದು ತಮ್ಮ ಗುಮಾಸ್ತರು ಬುದ್ಧಿ ಹೇಳಿದರು. ಉಳಿದ ದಿನ ನಮ್ಮಲ್ಲಿ ನಾಲ್ವರು ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸಲು ಹೋಗುತ್ತಾರೆ, ಆರೂ ಜನ ಒಟ್ಟಿಗೆ ಸೇರುವುದು ಭಾನುವಾರವೇ ಎಂದು ಅವರಿಗೆ ಹೇಳಿದೆ. ಅವರು ಫ್ಯಾನಿನ ಕಡೆ ನೋಡಿದರು.

ಇನ್ನು ನಾವು ಮಾಡಿದ ತಪ್ಪು. ಅರ್ಜಿಯ ಜೊತೆ ಪುರಾವೆ ಇರಲೆಂದು ಆ ಮಸಿ ಹಿಡಿದ ಶಾವಿಗೆಯನ್ನೂ ಇಟ್ಟೆವು. ಹಳೇ ಕಾಗದದಲ್ಲಿ ಸುತ್ತಿ ಕೊಟ್ಟರೆ ಸಾಹೇಬರಿಗೆ ಮರ್ಯಾದೆಯಲ್ಲವೆಂದು, ಮಾರಾಟದ ಹೊಸ ಪಾಕೀಟಿಗೆ ತುಂಬಿ, ಘಟಕದ ಹೆಸರಿನ ಚೀಟಿ ನೆಟ್ಟಗೆ ಅಂಟಿಸಿ ಕೊಟ್ಟೆವು. ಈಗ ಅದೇ ಪಾಕೀಟು “ಸದರಿ ಘಟಕವೇ ಪೂರೈಸಿದ, ಮಸಿಯುಕ್ತ ಉತ್ಪನ್ನ” ಎಂದು ನಮ್ಮ ವಿರುದ್ಧವೇ ಸಾಕ್ಷಿಯಾಗಿದೆ. ಕಳವಾದ ಮನೆಯವರು ಮುರಿದ ಬೀಗ ತಂದು ತೋರಿಸಿದರೆ, ಬೀಗ ನಿಮ್ಮ ಕೈಯಲ್ಲಿದೆ, ಮುರಿದವರು ನೀವೇ ಎಂದ ಹಾಗೆ. ಇಂಥ ತರ್ಕವನ್ನು ತಾವು ಯಾವ ಕಾಲೇಜಿನಲ್ಲಿ ಕಲಿತಿರಿ? ಅಲ್ಲಿಗೆ ನಮ್ಮ ಮಕ್ಕಳನ್ನು ಕಳಿಸದಂತೆ ಎಚ್ಚರ ವಹಿಸುತ್ತೇವೆ.

ತಾವು ಆ ಹೊಗೆಯನ್ನು ಕಂಡಿಲ್ಲವೆನ್ನುವಂತಿಲ್ಲ. ಮೂರನೆಯ ಭಾನುವಾರ ಮುಖ್ಯ ಅತಿಥಿಗಳಾಗಿ ವೇದಿಕೆಯ ಮೇಲೆ ತಾವೇ ಇದ್ದಿರಿ. ನಾನು ಮಾಳಿಗೆಯಿಂದ ನೋಡುತ್ತಿದ್ದೆ. ಲಾರಿ ಮುಂದೆ ಬಂದಾಗಲೆಲ್ಲ ಕರವಸ್ತ್ರ ಮೂಗಿಗೆ ಹೋಗುತ್ತಿತ್ತು, ಹೊಗೆ ಸರಿದ ಮೇಲೆ ಅದೇ ಕೈ ಚಪ್ಪಾಳೆ ತಟ್ಟುತ್ತಿತ್ತು. ಮೂಗಿಗೆ ತಿಳಿದದ್ದನ್ನು ಕೈಗೆ ಹೇಳಲು ತಮ್ಮಲ್ಲಿ ಯಾರೂ ಇರಲಿಲ್ಲವೆ? ಢಾಲು ಕೊಟ್ಟು, ಯುವಕರ ಹುಮ್ಮಸ್ಸನ್ನು ಹೊಗಳಿ ಹೋದಿರಿ. ಆಮೇಲೆ ಮಂಗಳವಾರ ಯಂತ್ರ ತಂದು ಬಯಲಿನ ಗಾಳಿ ಅಳೆದಿರಿ. ಮಂಗಳವಾರ ಆ ಬಯಲಿನಲ್ಲಿದ್ದದ್ದು ಎರಡು ಮೇಕೆ. ಗಾಳಿ ಶುದ್ಧವಾಗಿದೆ ಎಂದು ಯಂತ್ರ ಹೇಳಿತಂತೆ. ಯಂತ್ರ ಸುಳ್ಳು ಹೇಳಲಿಲ್ಲ, ಅದನ್ನು ಮಂಗಳವಾರ ಹೊತ್ತು ತಂದವರ ಬಗ್ಗೆ ನಾನು ಹಾಗೆ ಹೇಳಲಾರೆ.

ಶಾವಿಗೆಗೆ ಒಲೆಯೇ ಬೇಡ ಎಂಬುದಾದರೂ ತಮಗೆ ಗೊತ್ತಿದೆಯೆ? ರವೆ ನಾದುತ್ತೇವೆ, ಎಳೆ ತೆಗೆಯುತ್ತೇವೆ, ಬಿಸಿಲಿಗೆ ಹಾಕುತ್ತೇವೆ. ಶಾವಿಗೆ ಬೆಂಕಿಯ ಮುಖ ನೋಡುವುದು ಕೊಂಡವರ ಅಡುಗೆಮನೆಯಲ್ಲಿ. ತಮ್ಮ ಮನೆಯಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಬೆಂಕಿ ಬಳಸದ ಕೆಲಸವನ್ನು ಹೊಗೆಯ ಕಾರಣಕ್ಕೆ ಮುಚ್ಚಿಸುವ ಅಧಿಕಾರಿ ಈ ನಾಡಿನಲ್ಲಿ ತಾವೊಬ್ಬರೇ ಇರಬೇಕು.

ನೋಟಿಸನ್ನು ಗುಡ್ಡವ್ವನಿಗೂ ಓದಿ ಹೇಳಿದೆ. ಬೆನ್ನು ಬಾಗಿದ ಅವಳನ್ನು ಮಾರುಕಟ್ಟೆಯಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಅವಳಿಗಿರುವುದು ಇದೊಂದೇ. ಕೇಳಿದವಳೇ, “ಒಲಿ ಒಡದ್ರ ಬಿಡತಾರೇನು ಕೇಳವಾ. ಈಗ ಒಡದ ಬಿಡತೇನಿ,” ಎಂದು ಒಳಕಲ್ಲಿನ ಗುಂಡು ಎತ್ತಲು ಹೋದಳು. ನಾನು ಕೈ ಹಿಡಿದು ನಿಲ್ಲಿಸಿದೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ತಮ್ಮ ಮೇಲೆ ಹೇಸಿಗೆಯಾಯಿತು.

ಆದ್ದರಿಂದ ನೋಟಿಸನ್ನು ಕೂಡಲೇ ಹಿಂದಕ್ಕೆ ಪಡೆಯಿರಿ. ಬರುವ ಭಾನುವಾರ ಕೊನೆಯ ಪಂದ್ಯವಿದೆ, ಯಂತ್ರ ತೆಗೆದುಕೊಂಡು ಬನ್ನಿರಿ. ಈ ಸಲ ವೇದಿಕೆ ಬೇಡ, ನಮ್ಮ ಮಾಳಿಗೆ ಹತ್ತಿರಿ.

ಒಲೆಯ ಮಾತೊಂದು ಉಳಿಯಿತು. ನೋಟಿಸಿನ ಜೊತೆ ಕಳಿಸಿದ ಪಂಚನಾಮೆಯಲ್ಲಿ “ತಪಾಸಣೆಯ ವೇಳೆ ಒಲೆ ಹೊಗೆಯಾಡುತ್ತಿತ್ತು” ಎಂದು ಬರೆದಿದ್ದೀರಿ. ಅದು ಖರೆ. ಆ ಮಂಗಳವಾರ ತಾವು ಬಿಸಿಲಲ್ಲಿ ಬೆವರುತ್ತ ಬಂದದ್ದನ್ನು ನೋಡಿ, “ಪಾಪ, ದೊಡ್ಡವರು ಬಂದಾರ, ಚಹಾ ಮಾಡೂಣು ತಡಿ” ಎಂದು ಗುಡ್ಡವ್ವ ಹಸಿ ಕಟ್ಟಿಗೆಗೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡಳು. “ಛಲೋ ಆಗೇತಿ, ಇನ್ನರ್ಧ ಕಪ್ ಹಾಕ್ರಿ” ಎಂದು ಕೇಳಿ ಕುಡಿದಿರಿ. ಆ ದಿನ ನಮ್ಮ ಒಲೆಯ ಮೇಲೆ ಬೆಂದದ್ದು ಅದೊಂದೇ. ಆ ಹೊಗೆ ಅಪರಾಧವೇ ಎನ್ನುವುದಾದರೆ ನೋಟಿಸನ್ನು ತಿದ್ದಿ, ಕುಡಿದವರ ಹೆಸರನ್ನೂ ಸೇರಿಸಿ ಕಳಿಸಿರಿ.

ಇಂತಿ,
ತಮಗೆ ಚಹಾ ಕೊಟ್ಟು ಆರೋಪಿಯಾದವರ ಪರವಾಗಿ,
ಭಾಗ್ಯಶ್ರೀ
ಅಮರಗೋಳ, ಮಾರ್ಚ್ 2004