ಅಜ್ಜಿಯನ್ನು ಯಾರು ಕರೆದುಕೊಂಡು ಹೋಗುತ್ತಾರೆ

ಕೋಡಂಬಾಕ್ಕಂ, ಮದರಾಸು
25-11-1979, ಭಾನುವಾರ

ನನ್ನ ಮುದ್ದು ಸೀತಾ,

ಹೇಗಿದ್ದೀಯ ಕಂದ? ಏಳು ತಿಂಗಳು ತುಂಬಿತಲ್ಲ, ಕಾಲಿನ ಊತ ಇಳಿಯಿತೇ? ನಾಗಪುರದಲ್ಲಿ ಆಗಲೇ ಚಳಿ ಬಿದ್ದಿದೆ ಎಂದು ಬರೆದಿದ್ದೆ. ಬೆಳಿಗ್ಗೆ ತಣ್ಣೀರು ಮುಟ್ಟಬೇಡ, ಬರಿಗಾಲಲ್ಲಿ ಓಡಾಡಬೇಡ. ಬ್ಯಾಂಕಿನಲ್ಲಿ ಕೂತಲ್ಲೇ ಕೂರದೆ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆ. ನಿನ್ನ ಸುರೇಶ ಅಡಿಗೆ ಮಾಡುತ್ತಾನೆಂದು ಓದಿ ನಗು ಬಂತು, ಸಂತೋಷವೂ ಆಯಿತು. ಅವರ ಕಡೆ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕುತ್ತಾರಂತೆ. ನಿನಗೆ ವಾಸನೆ ಹಿಡಿಸದಿದ್ದರೆ ಬಾಯಿಬಿಟ್ಟು ಹೇಳು, ಸುಮ್ಮನೆ ಹಸಿದುಕೊಂಡು ಇರಬೇಡ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಮಾತ್ರ ಬಿಟ್ಟಿಲ್ಲ. ಸೇತುವೆ ಕೆಳಗಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು, ಕಿಟ್ಟುವಿನ ಸ್ಕೂಲಿಗೆ ಎರಡು ದಿನ ರಜೆ. ನಿನ್ನ ತಮ್ಮನ ಮುಖ ನೋಡಬೇಕು, ಹಬ್ಬ ಬಂದವನ ಹಾಗಿದ್ದ.

ಈಗ ಕೂತುಕೊಂಡು ಓದು. ನಿನ್ನ ಅಜ್ಜಿ ಮೂವರು ಅಮೆರಿಕದ ಹುಡುಗಿಯರನ್ನು ಕರೆದುಕೊಂಡು ಹೋಗಿ ಮೈಸೂರು ತೋರಿಸಿಕೊಂಡು ಬಂದಿದ್ದಾಳೆ. ಹೌದು, ನಾನೇ. ಅರವತ್ತೇಳು ವರ್ಷದ ಶಾರದಮ್ಮ.

ರೂತ್ ಎಂಬ ಹುಡುಗಿ ನಮ್ಮ ಮನೆಯಲ್ಲಿದ್ದಾಳೆ ಎಂದು ಹಿಂದೊಮ್ಮೆ ಬರೆದಿದ್ದೆ. ಅವರ ಕಾಲೇಜಿನವರು ಒಂದು ವರ್ಷ ಓದಲಿ ಎಂದು ಇಲ್ಲಿಯ ಕಾಲೇಜಿಗೆ ಕಳಿಸಿದ್ದಾರೆ, ಇಲ್ಲಿಂದಲೂ ಒಬ್ಬಳು ಅಲ್ಲಿಗೆ ಹೋಗಿದ್ದಾಳಂತೆ. ಯಾರಾದರೊಬ್ಬರ ಮನೆಯಲ್ಲಿ ಇರಬೇಕು ಎಂದಾಗ ಆಫೀಸಿನ ದೊಡ್ಡವರು ನಿಮ್ಮಪ್ಪನನ್ನು ಕೇಳಿದರು. ಅವನು ಅವರಿಗೆ ಇಲ್ಲ ಎನ್ನಲಾರದೆ ಒಪ್ಪಿಕೊಂಡ. ಜುಲೈಯಿಂದ ನಿನ್ನ ಕೋಣೆಯಲ್ಲೇ ಇದ್ದಾಳೆ. ಮೊದಲ ದಿನ ನಿನ್ನ ಮಂಚದ ಮೇಲೆ ಬೇರೆಯವರ ಬಟ್ಟೆ ಕಂಡು ನನಗೆ ಅನ್ನ ಇಳಿಯಲಿಲ್ಲ. ಅವಳ ತಪ್ಪೇನು ಪಾಪ. ಮಧ್ಯಾಹ್ನ ಬಂದವಳು ನನ್ನ ಪಕ್ಕ ಚಾಪೆ ಹಾಕಿಕೊಂಡು ಕನ್ನಡ ಕಲಿಯುತ್ತಾಳೆ. ಸಂಜೆ ಕಿಟ್ಟು ತಮಿಳು ಹೇಳಿಕೊಡುತ್ತಾನೆ. ಹಾಗಾಗಿ ಊಟವಾಯಿತೇ ಎಂದು ಕೇಳಲು "ಅಜ್ಜಿ, ಸಾಪಾಡು ಆಯ್ತಾ?" ಎನ್ನುತ್ತಾಳೆ. ನಿಮ್ಮಮ್ಮ ಕಲಾವತಿ ಮೊದಮೊದಲು ಅವಳ ಹತ್ತಿರ ಹೆಚ್ಚು ಮಾತಾಡುತ್ತಿರಲಿಲ್ಲ. ಈಗ ತಲೆಗೆ ಎಣ್ಣೆ ಒತ್ತುವಷ್ಟು ಸಲಿಗೆ.

ಈ ತಿಂಗಳ ನಡುವೆ ಕಾಲೇಜಿಗೆ ರಜೆ ಬಂತು. ರೂತ್‌ಳಿಗೂ ಅವಳ ಜೊತೆ ಬಂದಿರುವ ಕ್ಯಾರಲ್, ಆನ್ ಎಂಬಿಬ್ಬರಿಗೂ ಮೈಸೂರು ನೋಡುವ ಆಸೆ. ಆ ಇಬ್ಬರು ಹಾಸ್ಟೆಲಿನವರು. ಮನೆಯ ಹಿರಿಯರೊಬ್ಬರು ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆ ಎಂದು ವಾರ್ಡನ್ ಹೇಳಿಬಿಟ್ಟರು. ನಿಮ್ಮಪ್ಪನಿಗೆ ರಜೆ ಇಲ್ಲ. ನಿಮ್ಮಮ್ಮ ಮನೆ ಬಿಟ್ಟು ಹೊರಡುವವಳಲ್ಲ. ಊಟದ ಹೊತ್ತಿನಲ್ಲಿ ಈ ಮಾತು ನಡೆಯುತ್ತಿತ್ತು. ರೂತ್ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ನಾನು, "ನಾನು ಹೋಗ್ತೀನಿ" ಎಂದೆ.

ನಿಮ್ಮಪ್ಪ ನಕ್ಕ. "ನೀನಾ? ನಿನ್ನನ್ನ ಯಾರಮ್ಮ ನೋಡ್ಕೊಳ್ಳೋದು?"

ನಿನಗೆ ಗೊತ್ತಲ್ಲ, ಈ ಮನೆಯಲ್ಲಿ ನನ್ನನ್ನು ಮಾಂಬಳದ ದೇವಸ್ಥಾನಕ್ಕೂ ಒಬ್ಬಳೇ ಕಳಿಸುವುದಿಲ್ಲ. ನಿನ್ನ ಮದುವೆಯಾದ ಮೇಲೆ ಎಷ್ಟು ಸಲ ನಾಗಪುರಕ್ಕೆ ಹೋಗಿ ಬರುತ್ತೇನೆಂದು ಕೇಳಿದೆ! ಪ್ರತಿ ಸಲವೂ ಅದೇ ಉತ್ತರ. "ಯಾರು ಕರ್ಕೊಂಡು ಹೋಗ್ತಾರೆ?" ನಂಜುಂಡ ನನ್ನ ಮಗ, ಅವನನ್ನು ನಾನು ಬಲ್ಲೆ. ಬೇರೆ ಜನದ ಹುಡುಗನ ಜೊತೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನೀನು ಮಾಡಿಕೊಂಡ ಮದುವೆಯ ಕೋಪವನ್ನು ನೇರವಾಗಿ ಆಡಲಾರದೆ ನನ್ನ ವಯಸ್ಸಿನ ಹಿಂದೆ ಬಚ್ಚಿಡುತ್ತಿದ್ದ. ಆದರೆ ಎರಡು ವರ್ಷ ಅದನ್ನೇ ಕೇಳಿ ಕೇಳಿ ನನಗೂ ನಿಜವೆನಿಸಿಬಿಟ್ಟಿತ್ತು. ಒಬ್ಬಳೇ ಎಲ್ಲಿಗೂ ಹೋಗಲಾರೆ ಎಂದು ನಂಬಿಕೊಂಡಿದ್ದೆ.

ರೂತ್ ಮಾತ್ರ ನಗಲಿಲ್ಲ. "ಅಜ್ಜಿ ವರಟ್ಟುಂ, ಬರಲಿ. ನಾವು ಅಜ್ಜಿನ ನೋಡ್ತೀವಿ, ಅಜ್ಜಿ ನಮ್ಮನ್ನ ನೋಡ್ತಾರೆ" ಎಂದಳು. ಪರದೇಶದ ಹುಡುಗಿಯ ಎದುರು ಎಳೆದಾಡುವುದಕ್ಕೆ ನಿಮ್ಮಪ್ಪನಿಗೆ ಸಂಕೋಚ. ಒಪ್ಪಿದ.

ಹದಿನಾರನೇ ತಾರೀಕು ಸಂಜೆ ಹೊರಟೆವು. ಬೆಳಗಾಗುವಾಗ ಬೆಂಗಳೂರಿನ ಸ್ಟೇಷನ್ನಿನಲ್ಲಿ ಇಳಿದರೆ ಸುತ್ತಲೂ ಕನ್ನಡ ಸೀತಾ, ಕೂಲಿಯವನಿಂದ ಹಿಡಿದು ಹೂ ಮಾರುವವಳವರೆಗೆ. ನಾನು ಈ ಊರಿಗೆ ಬಂದು ನಲವತ್ತು ವರ್ಷವಾದರೂ ಅಂಗಡಿಯಲ್ಲಿ ಬಾಯಿ ತೆರೆದರೆ ನನ್ನ ತಮಿಳಿಗೆ ಯಾರಾದರೂ ನಗುತ್ತಾರೆ. ಅದಕ್ಕೇ ಮೆಲ್ಲಗೆ ಮಾತಾಡುವುದು ರೂಢಿಯಾಗಿಹೋಗಿದೆ. ಬೆಂಗಳೂರಿನಲ್ಲಿ ಕೂಲಿಯವನನ್ನು ಕೂಗಿದಾಗ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಆನ್ ಬೆರಗಾಗಿ ರೂತ್‌ಳ ಕಿವಿಯಲ್ಲಿ ಏನೋ ಅಂದಳು. ಏನೆಂದು ಕೇಳಿದರೆ, "ಅಜ್ಜಿ ಇಷ್ಟು ಜೋರಾಗಿ ಮಾತಾಡ್ತಾರಾ ಅಂತ ಕೇಳ್ತಿದ್ದಾಳೆ!"

ಮೈಸೂರಿನಲ್ಲಿ ನಾನೇ ಮುಂದೆ, ಅವರು ನನ್ನ ಹಿಂದೆ. ಅರಮನೆ ತೋರಿಸಿದೆ, ಬೆಟ್ಟ ಹತ್ತಿಸಿದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಇಳಿಸಿ ಕಾಲು ತೊಳೆಸಿದೆ. ನಂಜನಗೂಡಿನಲ್ಲಿ ನಾನು ಹುಟ್ಟಿದ ಬೀದಿ ನೋಡಬೇಕೆಂದು ಹಟ ಹಿಡಿದರು. ಹೊತ್ತು ಸಾಲಲಿಲ್ಲ.

ಮಂಗಳವಾರ ಸೋಮನಾಥಪುರದ ಗುಡಿ ನೋಡಿಕೊಂಡು ಹಿಂದಿರುಗುವಾಗ ಆದದ್ದನ್ನು ನಿನಗೆ ಬಚ್ಚಿಡದೆ ಬರೆಯುತ್ತೇನೆ. ಬನ್ನೂರಿನಲ್ಲಿ ಬಸ್ಸು ಬದಲಾಯಿಸಿ ಮೈಸೂರಿನ ಬಸ್ಸಿನಲ್ಲಿ ಕೂತೆವು. ರೂತ್, ಆನ್ ಮುಂದಿನ ಸೀಟಿನಲ್ಲಿ, ಕ್ಯಾರಲ್ ನನ್ನ ಪಕ್ಕ. ಬಿಸಿಲಿನಲ್ಲಿ ನಡೆದ ಆಯಾಸ, ಬಸ್ಸು ಹೊರಡುವ ಮೊದಲೇ ನನಗೆ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ಎರಡೂ ಕಡೆ ಗದ್ದೆ, ಬಸ್ಸು ಓಡುತ್ತಿದೆ, ಕ್ಯಾರಲ್‌ಳ ಚೀಲ ನನ್ನ ಮಡಿಲಲ್ಲಿದೆ, ಕ್ಯಾರಲ್ ಇಲ್ಲ. ಅವಳ ಪಾಸ್‌ಪೋರ್ಟೂ ಆ ಚೀಲದಲ್ಲೇ ಇತ್ತು. ಹುಡುಗಿಗೆ ಕನ್ನಡವೂ ಬಾರದು, ತಮಿಳೂ ಬಾರದು.

ಕಂಡಕ್ಟರ್‌ಗೆ ಹೇಳಿದರೆ, "ಬಸ್ ಹಿಂದಕ್ಕೆ ತಿರುಗ್ಸಕ್ಕೆ ಆಗಲ್ಲ ಅಜ್ಜಿ, ಟೈಮ್ ಆಗೋಗಿದೆ" ಎಂದ.

"ತಿರುಗಿಸಬೇಡಪ್ಪ, ನಿಲ್ಲಿಸು ಸಾಕು" ಎಂದೆ.

ಇಳಿದೆವು. ಹೊತ್ತು ಇಳಿಯುತ್ತಿತ್ತು, ಎದುರು ಬಸ್ಸಿನ ಸುಳಿವಿಲ್ಲ. ಆನ್ ಅಳುವುದಕ್ಕೆ ಶುರುಮಾಡಿದಳು. ಆಗ ಇಟ್ಟಿಗೆ ತುಂಬಿದ ಲಾರಿಯೊಂದು ಬನ್ನೂರಿನ ಕಡೆ ಬಂತು. ರಸ್ತೆಯ ಮಧ್ಯ ನಿಂತು ಎರಡೂ ಕೈ ಎತ್ತಿದೆ. ಡ್ರೈವರ್ ತಲೆ ಹೊರಗೆ ಹಾಕಿ, "ಸಾಯಕ್ಕೆ ನಮ್ ಲಾರೀನೇ ಬೇಕಿತ್ತೇನಜ್ಜಿ?" ಎಂದು ಬೈದ. ವಿಷಯ ಹೇಳಿದೆ. ತಕ್ಷಣ ಹೆಗಲಿನ ಟವಲು ತೆಗೆದು ಸೀಟು ಒರೆಸಿದ. "ಹತ್ತಿ ತಾಯಿ." ಹತ್ತುವುದೆಂದರೆ ಸುಮ್ಮನೆಯೇ? ಅವನು ಮೇಲಿನಿಂದ ಎಳೆದ, ರೂತ್ ಕೆಳಗಿನಿಂದ ತಳ್ಳಿದಳು. ನಿಮ್ಮ ತಾತ ರೈಲ್ವೆಯಲ್ಲಿದ್ದರು. ಬದುಕಿಡೀ ನನ್ನನ್ನು ಪಾಸಿನಲ್ಲಿ ರೈಲು ಹತ್ತಿಸಿದರು. ನಾನು ಲಾರಿ ಹತ್ತಿದ್ದನ್ನು ನೋಡಿದ್ದರೆ ಏನನ್ನುತ್ತಿದ್ದರೋ!

ಬನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ನಲವತ್ತು ಐವತ್ತು ಜನ ಗುಂಪು ಕಟ್ಟಿದ್ದರು. ನಡುವೆ ಈ ಹುಡುಗಿ ಕ್ಯಾಮರಾವನ್ನು ಎದೆಗೆ ಒತ್ತಿಕೊಂಡು, ತುಟಿ ಬಿಗಿದು ನಿಂತಿದ್ದಳು. ಕೆಲವರು ಏನೇನೋ ಕೇಳಿ ನಗುತ್ತಿದ್ದರು. ನಾನು ನುಗ್ಗಿ ಅವಳ ಕೈ ಹಿಡಿದುಕೊಂಡು, "ಏನ್ರಪ್ಪ ನೋಡ್ತಿದ್ದೀರ? ದಾರಿ ಬಿಡಿ, ನನ್ನ ಮೊಮ್ಮಗಳು ಇವಳು" ಎಂದೆ.

ಒಬ್ಬ, "ಇಷ್ಟು ಬೆಳ್ಳಗವ್ಳಲ್ಲ ಅಜ್ಜಿ, ಮೊಮ್ಮಗಳಾ?" ಎಂದ.

"ಹೌದು. ಹೊರಗಿನವರು ಅಂತ ಮೊಮ್ಮಕ್ಕಳನ್ನ ಬಿಟ್ಟುಬಿಡೋರಲ್ಲ ನಾವು" ಎಂದುಬಿಟ್ಟೆ.

ಗುಂಪಿಗೆ ಹೇಳಿದ ಮಾತು, ಸೀತಾ. ಆದರೆ ಆಡಿದ ಮೇಲೆ ಅಲ್ಲೇ ನಿಂತು ನಿನ್ನನ್ನು ನೆನೆದೆ.

ಹುಡುಗಿ ಇಳಿದದ್ದು ಯಾತಕ್ಕೆ ಗೊತ್ತೇ? ಕುರಿ! ಅವರಪ್ಪ ಊರಿನಲ್ಲಿ ಕುರಿ ಸಾಕುತ್ತಾನಂತೆ. ಬನ್ನೂರಿನ ಗಿಡ್ಡ ಕುರಿಗಳ ಮಂದೆ ಹೋಗುತ್ತಿದ್ದುದನ್ನು ಕಂಡು, ಅಪ್ಪನಿಗೆ ಫೋಟೋ ಕಳಿಸೋಣ ಎಂದು ಇಳಿದಿದ್ದಾಳೆ. ಬೈಯೋಣವೆಂದುಕೊಂಡವಳಿಗೆ ಬೈಯಲು ಬಾಯಿ ಬರಲಿಲ್ಲ. ನಿದ್ದೆ ಮಾಡಿದ ತಪ್ಪು ನನ್ನದೇ ತಾನೆ?

ಗುರುವಾರ ಬೆಳಿಗ್ಗೆ ಮದರಾಸಿಗೆ ಬಂದೆವು. ಅಂದೇ ಅವರ ಹಬ್ಬ, ಥ್ಯಾಂಕ್ಸ್‌ಗಿವಿಂಗ್ ಅಂತ. ಸುಗ್ಗಿಯ ಹಬ್ಬದ ಹಾಗೆ, ಬೆಳೆ ಬಂದದ್ದಕ್ಕೆ ದೇವರನ್ನು ನೆನೆಯುವುದು. ಅಂದು ಎಷ್ಟು ದೂರವಿದ್ದರೂ ಮಕ್ಕಳೆಲ್ಲ ಮನೆಗೆ ಬರುತ್ತಾರಂತೆ. ರೂತ್ ಇದನ್ನು ಹೇಳುತ್ತಿದ್ದಾಗ ನಿಮ್ಮಮ್ಮ ಬೆನ್ನು ತಿರುಗಿಸಿಕೊಂಡು ಬಹಳ ಹೊತ್ತು ತೆಂಗಿನಕಾಯಿ ತುರಿದಳು.

ಅವರಲ್ಲಿ ಆ ದಿನ ಒಂದು ದೊಡ್ಡ ಹಕ್ಕಿಯನ್ನು ಬೇಯಿಸುತ್ತಾರಂತೆ. ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ ಎಂದು ಅವರೇ ಹೇಳಿ ಆಲೂಗೆಡ್ಡೆ ಬೇಯಿಸಿ ಬೆಣ್ಣೆ ಹಾಕಿ ಹಿಸುಕಿದರು, ಹುರುಳಿಕಾಯಿ ಮಾಡಿದರು. ಸಿಹಿಗುಂಬಳದ ಸಿಹಿ ಇಲ್ಲದೆ ಹಬ್ಬವೇ ಆಗದಂತೆ. ನಿಮ್ಮಮ್ಮ ಬೆಲ್ಲ, ಏಲಕ್ಕಿ ಹಾಕಿ ಸಿಹಿಗುಂಬಳದ ಕಡುಬು ಬೇಯಿಸಿಕೊಟ್ಟಳು. ಕ್ಯಾರಲ್ ಐದು ತಿಂದಳು. ನಡುಮನೆಯಲ್ಲಿ ಎಲೆ ಹಾಕಿ ಎಲ್ಲರೂ ಒಟ್ಟಿಗೆ ಕೂತೆವು. ಮನೆಯ ಹೆಂಗಸರು ಆಮೇಲೆ ಕೂರುವುದು ಎಂದರೆ ರೂತ್ ಕೇಳಲೇ ಇಲ್ಲ.

ಊಟಕ್ಕೆ ಮುಂಚೆ ಒಬ್ಬೊಬ್ಬರೂ ತಮಗೆ ಸಿಕ್ಕ ಯಾವುದಕ್ಕಾದರೂ ಕೃತಜ್ಞತೆ ಹೇಳಬೇಕಂತೆ. ಕಿಟ್ಟು, "ಮಳೆಗೆ ಸ್ಕೂಲ್ ಲೀವ್ ವಿಟ್ಟಾಂಗಳೇ, ಅದಕ್ಕೆ" ಎಂದ. ಎಲ್ಲರೂ ನಕ್ಕರು. ಕ್ಯಾರಲ್‌ಳ ಸರದಿ ಬಂದಾಗ ಅವಳು ಇಂಗ್ಲಿಷಿನಲ್ಲಿ ಬನ್ನೂರಿನ ಕತೆಯನ್ನೆಲ್ಲ ಹೇಳಿಬಿಟ್ಟಳು. ನಾನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ನಿಮ್ಮಪ್ಪ ನನ್ನ ಕಡೆ ತಿರುಗಿದ.

"ಲಾರೀಲಿ ಹೋದ್ಯಾ ಅಮ್ಮ?"

"ಹೂಂ. ಬಸ್ ಇರಲಿಲ್ಲ."

ಮುಂದಿನ ಸರದಿ ನನ್ನದೇ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ. "ನಂಜುಂಡ, ನಾನು ಸೀತಾನ್ನ ನೋಡಕ್ಕೆ ನಾಗಪುರಕ್ಕೆ ಹೋಗ್ತೀನಿ. ಕರ್ಕೊಂಡು ಹೋಗೋರು ಬೇಕಿಲ್ಲ. ಈ ಧೈರ್ಯ ಬಂತಲ್ಲ, ಅದಕ್ಕೇ ದೇವರಿಗೆ ಥ್ಯಾಂಕ್ಸ್."

ಆಗ ನಿಮ್ಮಮ್ಮ, ಗಂಡನ ಎದುರು ಎರಡು ವರ್ಷ ನಿನ್ನ ಹೆಸರೆತ್ತದ ಕಲಾವತಿ, ಎಲೆಯಿಂದ ತಲೆ ಎತ್ತದೆಯೇ, "ನಾನೂ ಬರ್ತೀನಿ ಅತ್ತೆ. ಮೊದಲನೇ ಬಾಣಂತನ. ಹೆತ್ತವಳು ಇಲ್ಲಿ ಕೂತಿರಕ್ಕಾಗಲ್ಲ" ಎಂದಳು. ಅವಳ ದನಿ ಗಟ್ಟಿಯಾಗಿತ್ತು. ಎಷ್ಟು ಹೆಮ್ಮೆಯಾಯಿತೆಂದರೆ, ಎಲ್ಲರೂ ಎದುರಿಗಿಲ್ಲದಿದ್ದರೆ ಅವಳ ಕೆನ್ನೆ ಸವರುತ್ತಿದ್ದೆ.

ನಿಮ್ಮಪ್ಪ, "ಊಟ ಮಾಡಿ ಎಲ್ಲರೂ, ಆರಿಹೋಗ್ತಿದೆ" ಎಂದ. ಅಷ್ಟೇ. ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಮರುದಿನ ಕಿಟ್ಟುವನ್ನು ಕರೆದುಕೊಂಡು ಸೆಂಟ್ರಲ್ ಸ್ಟೇಷನ್ನಿಗೆ ಹೋದೆ. ಹೆಂಗಸರ ಸಾಲಿನಲ್ಲಿ ನಾನೇ ನಿಂತೆ. ಕಿಟಕಿಯಲ್ಲಿದ್ದವನಿಗೆ ನನ್ನ ತಮಿಳಿನಲ್ಲೇ ಹೇಳಿದೆ, ದನಿ ತಗ್ಗಿಸಲಿಲ್ಲ. ನಕ್ಕನೋ ಇಲ್ಲವೋ ನೋಡಲೂ ಇಲ್ಲ. ಡಿಸೆಂಬರ್ ಒಂಬತ್ತಕ್ಕೆ ಗ್ರಾಂಡ್ ಟ್ರಂಕ್ ರೈಲಿನಲ್ಲಿ ಎರಡು ಸೀಟು ಸಿಕ್ಕಿದೆ. ಮಾರನೆಯ ದಿನ ಸೋಮವಾರ ನಿಮ್ಮಲ್ಲಿ ಇಳಿಯುತ್ತೇವೆ. ಸುರೇಶ ನಮ್ಮನ್ನು ಕರೆದೊಯ್ಯಲು ಇಲ್ಲಿಯವರೆಗೆ ಬರಬೇಕಾಗಿಲ್ಲ, ಸ್ಟೇಷನ್ನಿಗೆ ಬಂದರೆ ಸಾಕು. ನೀನು ಮೆಟ್ಟಿಲು ಹತ್ತಿ ಇಳಿದು ಪ್ಲಾಟ್‌ಫಾರಂಗೆ ಬರಬೇಡ. ನಿಮ್ಮಮ್ಮನನ್ನು ಮನೆಯವರೆಗೆ ಮುಟ್ಟಿಸುವ ಜವಾಬ್ದಾರಿ ನನ್ನದು, ದಾರಿಯಲ್ಲಿ ನಿದ್ದೆ ಮಾಡುವುದಿಲ್ಲ. ಎರಡು ಸಾಲು ಬರಿ ಎಂದರೆ ಅವಳು, "ಬಂದೇ ಮಾತಾಡ್ತೀನಿ" ಎಂದು ಚಟ್ನಿಪುಡಿ ಕುಟ್ಟುವುದಕ್ಕೆ ಹೋದಳು. ರೂತ್ ನಿನಗೆ ತನ್ನ ನಮಸ್ಕಾರ ತಿಳಿಸಲು ಹೇಳಿದ್ದಾಳೆ. ನಿನ್ನ ಮಂಚವನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳಂತೆ.

ಹೊಟ್ಟೆಯಲ್ಲಿರುವ ಕೂಸಿಗೂ ನಿನಗೂ ನಂಜುಂಡೇಶ್ವರ ಕಾವಲಿರಲಿ. ಸುರೇಶನಿಗೆ ಈ ಮುದುಕಿಯ ಆಶೀರ್ವಾದ ತಿಳಿಸು.

ನಿನ್ನ
ಅಜ್ಜಿ ಶಾರದಮ್ಮ

ಮರೆತಿದ್ದೆ: ಲಕೋಟೆಯ ಮೇಲಿನ ಅಕ್ಷರ ಕಂಡು ನೀನು ಆಗಲೇ ಗಾಬರಿಯಾಗಿರುತ್ತೀಯ. ಯಾವಾಗಲೂ ಇಂಗ್ಲಿಷಿನಲ್ಲಿ ವಿಳಾಸ ಬರೆದುಕೊಡುವವನು ಕಿಟ್ಟು. ಇವತ್ತು ಅವನು ಆಟಕ್ಕೆ ಹೋಗಿದ್ದ. ನಿನ್ನ ಹಳೆಯ ಕಾಗದವನ್ನೂ ಖಾಲಿ ಲಕೋಟೆಯನ್ನೂ ಮೇಜಿನ ಮೇಲಿಟ್ಟು ಕಾಯುತ್ತಿದ್ದೆ. ನಿಮ್ಮಪ್ಪ ಬಂದ, ನೋಡಿದ, ಕೂತ. "ಎರಡು ವರ್ಷದಿಂದ ಪಿನ್ ಕೋಡ್ ಹಾಕದೆ ಕಳಿಸ್ತಿದ್ದೀರ, ಹೇಗೆ ತಲಪುತ್ತೋ ಏನೋ" ಎಂದು ಗೊಣಗಿಕೊಂಡು, ಎದ್ದು ಹೋಗಿ ಆಫೀಸಿನ ಪುಸ್ತಕ ತಂದು ಹುಡುಕಿ, ತಾನೇ ಪೆನ್ನು ತೆಗೆದುಕೊಂಡು ಬರೆದ. ವಿಳಾಸದ ಮೊದಲ ಸಾಲು ಇನ್ನೊಂದು ಸಲ ಓದು ಸೀತಾ. ನಿನ್ನ ಹೆಸರಿನ ಪಕ್ಕದಲ್ಲಿ ಸುರೇಶನ ಹೆಸರು ಬರೆದಿದ್ದಾನೆ. ನಾನು ಹೇಳಿಕೊಡಲಿಲ್ಲ.