ಎಡ ಭುಜದ ಹಿಂದೆ

ಮಾನ್ಯರೇ,

ಇಂದು ಜುಲೈ ಹತ್ತೊಂಬತ್ತು, ಭಾನುವಾರ. ಈ ಪತ್ರದ ಉದ್ದೇಶ ಎರಡು. ಏಳು ವಾರಗಳ ಹಿಂದೆ ನೀವು ಅಮ್ಮನಿಗೆ ಬರೆದ ಪತ್ರಕ್ಕೆ ಉತ್ತರ ಕೊಡುವುದು ಒಂದು. ನಿಮ್ಮ ಕೊನೆಯ ಪಂದ್ಯದ ಎಪ್ಪತ್ತೊಂದನೆಯ ನಿಮಿಷದಲ್ಲಿ ನಿಮ್ಮ ಕಾಲಿನಿಂದ ಚೆಂಡು ಹೇಗೆ ಹೋಯಿತು ಎಂಬುದನ್ನು ತಿಳಿಸುವುದು ಇನ್ನೊಂದು. ಕುಶಲ ಪ್ರಶ್ನೆ ಇದರಲ್ಲಿಲ್ಲ, ಹುಡುಕಬೇಡಿ. 'ಪ್ರೀತಿಯ ಅಪ್ಪನಿಗೆ' ಎಂದು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಅಕ್ಷರಗಳು ದುಂಡಗೆ, ಚೆನ್ನಾಗಿಯೇ ಬಂದಿದ್ದವು. ಹರಿದು ಹಾಕಿದೆ.

ಮೊದಲು ನಿಮ್ಮ ಪತ್ರದ ವಿಷಯ. ನಿಮ್ಮ ಹಳೆಯ ಫುಟ್‌ಬಾಲ್ ಕ್ಲಬ್ಬು ಕಿರಿಯರ ತಂಡಗಳಿಗೆ ನಿಮ್ಮನ್ನು ಮುಖ್ಯ ಕೋಚ್ ಮಾಡಲು ಯೋಚಿಸುತ್ತಿದೆ. ಇಪ್ಪತ್ತು ವರ್ಷ ಮೈದಾನದ ನಡುವೆ ನಿಂತು ಆಡಿದ ನಿಮ್ಮ ಪದ್ಧತಿ ಏನೆಂಬುದನ್ನು ಈ ಜುಲೈ ಕೊನೆಯೊಳಗೆ ಬರೆದುಕೊಡಿ ಎಂದು ಆಯ್ಕೆ ಸಮಿತಿ ಕೇಳಿದೆ. ಅದಕ್ಕಾಗಿ ಅಮ್ಮನ ಬಳಿಯಿರುವ ಹನ್ನೊಂದು ನೋಟ್‌ಬುಕ್ಕುಗಳು ಬೇಕು. ಇಷ್ಟನ್ನು ನೀವು ಒಂದೂವರೆ ಪುಟದಲ್ಲಿ ಬರೆದಿದ್ದೀರಿ. ಜೊತೆಗೆ, "ಆ ಹಳೇ ಪುಸ್ತಕ ಇಟ್ಕೊಂಡು ನೀನೇನ್ ಮಾಡ್ತೀಯ, ಧೂಳು ತಿಂತಾ ಇರುತ್ವೆ" ಎಂದೂ ಸೇರಿಸಿದ್ದೀರಿ. ಸಹಾಯ ಕೇಳುವಾಗಲೂ ನೀವೇ ಉಪಕಾರ ಮಾಡುತ್ತಿರುವಂತೆ ಕೇಳುವ ಕಲೆ ನಿಮ್ಮದು. ಬೇರೆಯವರಿಂದ ಕಲಿತದ್ದಲ್ಲ, ಅದೊಂದು ಮಾತ್ರ ನಿಮ್ಮ ಸ್ವಂತದ್ದು.

ಆ ಪುಸ್ತಕಗಳು ಹೇಗೆ ಹುಟ್ಟಿದವು ಎಂಬುದು ನಿಮಗೆ ಮರೆತಿರಬಹುದು. ನನಗೆ ಅಮ್ಮ ಹೇಳಿದ್ದಾಳೆ, ಅದೂ ನಿಮ್ಮನ್ನು ಹೊಗಳುವ ನೆಪದಲ್ಲಿ. ಆಗ ನಿಮಗೆ ಇಪ್ಪತ್ತೊಂದು. ಎರಡನೆಯ ದರ್ಜೆಯ ತಂಡ. ಹತ್ತರಲ್ಲಿ ಆರು ಪಂದ್ಯ ನೀವು ಕಾದಿರಿಸಿದ ಆಟಗಾರರ ಬೆಂಚಿನ ಮೇಲೆ. ಮೈದಾನಕ್ಕೆ ಇಳಿಸಿದರೂ ನಿಂತಲ್ಲೇ ನಿಲ್ಲುತ್ತೀರೆಂದು ಪ್ರೇಕ್ಷಕರು ನಿಮ್ಮನ್ನು 'ಗೂಟ' ಎನ್ನುತ್ತಿದ್ದರು. "ಗೂಟಕ್ಕೆ ಒಂದು ಹಸು ಕಟ್ರೋ, ಸುಮ್ನೆ ಯಾಕೆ ನಿಂತಿದೆ!" ಎಂದು ಯಾರೋ ಕೂಗಿದಾಗ ಇಡೀ ಸಾಲು ನಕ್ಕಿತಂತೆ. ಅಮ್ಮ ಅದೇ ಸಾಲಿನಲ್ಲಿ ಕೂತಿದ್ದಳು. ನ್ಯಾಯಾಲಯದ ಶೀಘ್ರಲಿಪಿಗಾರ್ತಿ ಅವಳು. ವಕೀಲರು ಎಷ್ಟೇ ವೇಗವಾಗಿ ಮಾತನಾಡಿದರೂ ಹಾಳೆಯತ್ತ ನೋಡದೆ ಬರೆಯಬಲ್ಲವಳು. ಮುಂದಿನ ಪಂದ್ಯಕ್ಕೆ ಅವಳು ಕಚೇರಿಯ ನೋಟ್‌ಬುಕ್ಕಿನೊಂದಿಗೆ ಬಂದಳು. ಮಡಿಲಲ್ಲಿ ನಾನು, ನನ್ನ ಬೆನ್ನ ಮೇಲೆ ಪುಸ್ತಕ. ನಿಮ್ಮ ವೃತ್ತಿಜೀವನದ ಮೊದಲ ಮೇಜು ನಾನೇ ಎಂಬುದನ್ನು ನಿಮ್ಮ ಸಮಿತಿಗೆ ತಿಳಿಸಬಹುದು.

ಅವಳು ಗೋಲುಗಳನ್ನು ಬರೆಯಲಿಲ್ಲ. ನಿಮ್ಮ ಕಾಲಿಗೆ ಬಂದ ಪ್ರತಿಯೊಂದು ಚೆಂಡೂ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಮುಖ್ಯವಾಗಿ, ಅದು ಬರುವ ಮೊದಲು ನೀವು ಎಷ್ಟು ಸಲ ಭುಜದ ಮೇಲಿಂದ ಹಿಂದಕ್ಕೆ ನೋಡಿದಿರಿ ಎಂಬುದನ್ನು ಬರೆದಳು. ಭಾನುವಾರ ಅಡುಗೆಮನೆಯ ಮೇಜಿನ ಮೇಲೆ ಅದನ್ನು ನಿಮಗೆ ಓದಿ ಹೇಳುತ್ತಿದ್ದಳು. ಶೀಘ್ರಲಿಪಿಗೆ ತನ್ನದೇ ಗುರುತುಗಳನ್ನು ಬೆರೆಸಿ ಅವಳು ಬರೆದ ಆ ಗೆರೆ, ಕೊಕ್ಕೆ, ಚುಕ್ಕೆಗಳು ನಿಮಗೆ ಅರ್ಥವಾಗುತ್ತಿರಲಿಲ್ಲ. "ರೀ, ಚೆಂಡು ಬರೋಕ್ ಮುಂಚೆ ಹಿಂದೆ ನೋಡಿ. ಬಂದ್ಮೇಲೆ ನೋಡೋದು ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ" ಎನ್ನುತ್ತಿದ್ದಳು. ನೀವು, "ಆಯ್ತು ನ್ಯಾಯಾಧೀಶರೇ" ಎಂದು ನಗುತ್ತಿದ್ದಿರಿ. ಆ ನಗು ನನಗೂ ನೆನಪಿದೆ. ಒಳ್ಳೆಯ ನಗು. ಅದನ್ನು ಅಲ್ಲಗಳೆಯುವಷ್ಟು ಸುಳ್ಳುಗಾತಿ ನಾನಲ್ಲ.

ಮೂರನೆಯ ಪುಸ್ತಕದಲ್ಲಿ ಅವಳಿಗೆ ನಿಮ್ಮ ಗುಟ್ಟು ಸಿಕ್ಕಿತು. ಅರವತ್ತನೆಯ ನಿಮಿಷದ ನಂತರ, ದಣಿದಾಗ, ನೀವು ಬಲ ಭುಜದ ಹಿಂದೆ ನೋಡುತ್ತೀರಿ. ಎಡ ಭುಜದ ಹಿಂದೆ ನೋಡುವುದಿಲ್ಲ. ಎಷ್ಟು ಹೇಳಿದರೂ ಮರೆಯುತ್ತಿದ್ದಿರಿ. ಕೊನೆಗೆ ಅವಳು ಪ್ರತಿ ಪಂದ್ಯಕ್ಕೆ ಮುನ್ನ ನಿಮ್ಮ ಎಡ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿ, ಅದರ ಮೇಲೆ 'ಎ' ಎಂದು ಒಂದೇ ಅಕ್ಷರ ಬರೆದಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ನೀವು ಎಡಕ್ಕೆ ತಿರುಗಿದಿರಿ. ಎರಡೇ ವರ್ಷದಲ್ಲಿ ಗೂಟ ಹೋಗಿ 'ಬೆನ್ಗಣ್ಣ' ಬಂದ. ಬೆನ್ನಿನಲ್ಲೂ ಕಣ್ಣಿರುವ ಆಟಗಾರ! ಮೊದಲ ದರ್ಜೆಯ ಕ್ಲಬ್ಬು, ನಾಯಕನ ಪಟ್ಟಿ, ಗೋಡೆಗಳ ಮೇಲೆ ನಿಮ್ಮ ಚಿತ್ರ. ಆ ಅಕ್ಷರ ಯಾವ ಪ್ರೇಯಸಿಯದೆಂದು ಪತ್ರಿಕೆಯವರು ಕೇಳಿದಾಗ ನೀವು ಕಣ್ಣು ಮಿಟುಕಿಸಿ ಸುಮ್ಮನಾದಿರಿ. ಅಮ್ಮ ಅದನ್ನು ಓದಿ, "ಹೇಳ್ಬಾರ್ದು, ಎದುರಾಳಿಗಳಿಗೆ ಗೊತ್ತಾಗಿಬಿಡುತ್ತೆ" ಎಂದು ನಿಮ್ಮ ಪರವಾಗಿಯೇ ವಾದಿಸಿದಳು.

ನನಗೆ ಹದಿಮೂರು ತುಂಬಿದ ವರ್ಷ ನೀವು ಮನೆ ಬಿಟ್ಟಿರಿ. ಅದನ್ನು ನಾನು ಇಲ್ಲಿ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಗಂಡಸರು ಮನೆ ಬಿಡುವುದು ಲೋಕದಲ್ಲಿ ಹೊಸದೇನಲ್ಲ. ನಾನು ಕ್ಷಮಿಸದೇ ಇರುವುದು ನಾಲ್ಕು ತಿಂಗಳ ಬಳಿಕ ಟಿವಿಯಲ್ಲಿ ನೀವು ಆಡಿದ ಎರಡು ವಾಕ್ಯಗಳನ್ನು. ಹೀಗೆ ಆಟವನ್ನು ನೋಡುವುದನ್ನು ಯಾರು ಕಲಿಸಿದರು ಎಂದು ಸಂದರ್ಶಕಿ ಕೇಳಿದಳು. "ಯಾರೂ ಇಲ್ಲ, ಹುಟ್ಟಿನಿಂದ್ಲೇ ಬಂದಿದ್ದು. ನಮ್ಮನೇಲಿ ಯಾರಿಗೂ ಆಟ ಅಂದ್ರೆ ಏನೂಂತ್ಲೇ ಗೊತ್ತಿರ್ಲಿಲ್ಲ" ಎಂದಿರಿ. ಅಮ್ಮ ನನ್ನ ಶಾಲೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಕೈ ನಿಂತಿತು. ಅಂಗಿಯ ಬೆನ್ನು ಕಂದು ಬಣ್ಣಕ್ಕೆ ತಿರುಗಿ ವಾಸನೆ ಬಂದ ಮೇಲೆಯೇ ಅವಳು ಇಸ್ತ್ರಿಪೆಟ್ಟಿಗೆ ಎತ್ತಿದ್ದು. ನಾನು ಆ ಅಂಗಿಯನ್ನು ಇಟ್ಟುಕೊಂಡಿದ್ದೇನೆ. ಅದೇ ವಾರ ಅಮ್ಮನ ಮುಂದೆ ಕೂತು, ನನಗೆ ಶೀಘ್ರಲಿಪಿ ಕಲಿಸು ಎಂದೆ. ಯಾಕೆ ಎಂದು ಕೇಳಿದಳು. ಕಾಲೇಜಿಗೆ ಉಪಯೋಗವಾಗುತ್ತದೆ ಎಂದೆ.

ಉಪಯೋಗವಾಯಿತು. ಸಂಖ್ಯಾಶಾಸ್ತ್ರದಲ್ಲಿ ನಾನು ಇಡೀ ತರಗತಿಗೆ ಮೊದಲು. ಎರಡನೆಯವನಿಗೂ ನನಗೂ ನಡುವೆ ಹತ್ತೊಂಬತ್ತು ಅಂಕಗಳ ಅಂತರ. ಹೇಳಿಕೊಳ್ಳುವುದು ಜಂಬವಾದರೆ ಜಂಬವೇ ಇರಲಿ, ಸಂಪಾದಿಸಿದ್ದೇನೆ. ಪ್ರಾಧ್ಯಾಪಕರು ಸಂಶೋಧನೆಗೆ ಕರೆದರು. ನಾನು ನಿಮ್ಮ ಎದುರಾಳಿ ಕ್ಲಬ್ಬಿನ ಆಟ ವಿಶ್ಲೇಷಕಿಯಾಗಿ ಸೇರಿದೆ. ಪ್ರೇಕ್ಷಕರ ಗ್ಯಾಲರಿಯ ಅಡಿಯಲ್ಲಿ, ಕಿಟಕಿಯಿಲ್ಲದ ಕೋಣೆ. ನಾಲ್ಕು ವಿಡಿಯೊ ಪರದೆ, ಒಂದು ಕುರ್ಚಿ, ಪಕ್ಕದ ಒಗೆಯುವ ಕೋಣೆಯಿಂದ ದಿನವಿಡೀ ಸೋಪಿನ ವಾಸನೆ. ಅಲ್ಲಿ ಕೂತು ನೀವು ನಮ್ಮನ್ನು ಬಿಟ್ಟ ನಂತರದ ಒಂಬತ್ತು ವರ್ಷಗಳ ಆಟವನ್ನೂ ನೋಡಿದೆ, ಅಮ್ಮನ ಲಿಪಿಯಲ್ಲೇ ಬರೆದುಕೊಂಡೆ. ಮಣಿಕಟ್ಟಿನಲ್ಲಿ ಪಟ್ಟಿಯಿರಲಿಲ್ಲ. ಹಳೆಯ ದೋಷ ಮರಳಿತ್ತು. ಆದರೂ ನೀವು ಸಿಕ್ಕಿಬೀಳುತ್ತಿರಲಿಲ್ಲ. ಯಾಕೆಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ನಿಮ್ಮ ತಂಡದ ಎಡಗಡೆಯ ರಕ್ಷಣಾ ಆಟಗಾರ, 'ಡೋಲು' ಎಂದು ನೀವೆಲ್ಲ ಕರೆಯುವ ಆ ದೊಡ್ಡ ಗಂಟಲಿನವನು, ಹಿಂದಿನಿಂದ ಯಾರಾದರೂ ಬಂದಾಗಲೆಲ್ಲ ನಿಮಗೆ ಕೂಗಿ ಹೇಳುತ್ತಿದ್ದ. ಅಮ್ಮನ ಕೆಲಸವನ್ನು ನೀವು ಇನ್ನೊಬ್ಬನಿಗೆ ವಹಿಸಿದ್ದಿರಿ, ಪ್ರಾಯಶಃ ನಿಮಗೇ ಗೊತ್ತಿಲ್ಲದೆ.

ಫೈನಲ್‌ಗೆ ನಿಮ್ಮ ತಂಡವೂ ನಮ್ಮ ತಂಡವೂ ಬಂದವು. ಅದೇ ನಿಮ್ಮ ಕೊನೆಯ ಪಂದ್ಯವೆಂದು ನೀವು ಘೋಷಿಸಿದಿರಿ. ನಮ್ಮ ಕೋಚ್ ನನ್ನ ಹಾಳೆಗಳನ್ನು ನೋಡಿ, "ಏನಮ್ಮಾ ಫಸ್ಟ್ ರ್‍ಯಾಂಕು, ಬೆನ್ಗಣ್ಣನ ಬೆನ್ನ ಹಿಂದೇನೇ ಹೋಗು ಅಂತೀಯಲ್ಲ, ಹುಲಿ ಬಾಯಿಗೆ ಕೈ ಹಾಕು ಅಂದ ಹಾಗಾಯ್ತು" ಎಂದರು. ಹುಲಿಗೆ ಎಡಗಡೆ ಹಲ್ಲಿಲ್ಲ ಎಂದೆ. ಎಪ್ಪತ್ತು ನಿಮಿಷ ಆ ಕಡೆಯಿಂದ ಯಾರೂ ನಿಮ್ಮ ಹತ್ತಿರ ಸುಳಿಯಬಾರದು, ನೀವು ನಿಶ್ಚಿಂತರಾಗಬೇಕು. ಆಮೇಲೆ ನಮ್ಮ ಅತಿ ವೇಗದ ಆಟಗಾರ 'ಜಿಂಕೆ' ಎಡ ಭುಜದ ಹಿಂದಿನಿಂದ ಬರಬೇಕು. ನಲವತ್ತು ಸಾವಿರ ಜನರ ಗದ್ದಲದಲ್ಲಿ ಡೋಲಿನ ಸದ್ದು ಕೇಳಿಸದು. ನಾನು ಹೇಳಿದ್ದು ಇಷ್ಟೇ.

ಮುಂದಿನದು ನಿಮಗೆ ಗೊತ್ತು. ನೀವು ಬಲಕ್ಕೆ ನೋಡಿದಿರಿ. ಚೆಂಡು ಬಂತು. ಹೋಯಿತು. ಏಳು ಸೆಕೆಂಡಿನಲ್ಲಿ ಗೋಲು, ಪಂದ್ಯದ ಒಂದೇ ಗೋಲು. ನೀವು ಹುಲ್ಲಿನ ಮೇಲೆ ಕೂತುಬಿಟ್ಟಿರಿ, ಮತ್ತು ನಿಮ್ಮದೇ ಅಭಿಮಾನಿಗಳ ಗ್ಯಾಲರಿಯಿಂದ, ಇಪ್ಪತ್ತು ವರ್ಷದ ನಂತರ, ಆ ಹಳೆಯ ಹೆಸರು ಕೇಳಿಬಂತು. ಗೂಟ. ಮೊದಲು ಒಬ್ಬ, ಆಮೇಲೆ ಹತ್ತು ಜನ, ಆಮೇಲೆ ಇಡೀ ಗ್ಯಾಲರಿ. ನನ್ನ ಜೀವನದಲ್ಲಿ ಅದಕ್ಕಿಂತ ಇಂಪಾದ ಸದ್ದನ್ನು ನಾನು ಕೇಳಿಲ್ಲ.

ಆಟ ಮುಗಿದು ನೀವು ಒಳಗೆ ಬರುವ ಇಕ್ಕಟ್ಟಾದ ದಾರಿಯಲ್ಲಿ ಒಬ್ಬ ಹೆಣ್ಣುಮಗಳು ಕೈಯಲ್ಲಿ ಹಾಳೆಗಳ ಕಟ್ಟು ಹಿಡಿದು ನಿಂತಿದ್ದಳು. ನೀವು ನೆಲ ನೋಡುತ್ತಲೇ, "ಸ್ವಲ್ಪ ದಾರಿ ಬಿಡಮ್ಮ" ಎಂದಿರಿ. ಬಿಟ್ಟೆ. ನಾನು ನಿಮ್ಮ ಎಡಗಡೆ ನಿಂತಿದ್ದೆ.

ಅಮ್ಮನ ವಿಷಯ: ಅವಳು ನಿಮ್ಮ ಪತ್ರವನ್ನು ಓದಿ ಮಡಚಿಟ್ಟಳು. ನಿಮಗೆ ಹೇಳಬೇಕಾದದ್ದು ಅವಳಿಗೇನೂ ಇಲ್ಲ. ಅಂದ ಹಾಗೆ, ಆ ಹನ್ನೊಂದು ಪುಸ್ತಕ ನಿಮ್ಮ ಕೈಗೆ ಸಿಕ್ಕರೂ ಒಂದು ಗೆರೆಯೂ ಓದಲು ಬಾರದು. ಅವನ್ನು ಓದಬಲ್ಲವರು ಲೋಕದಲ್ಲಿ ಇಬ್ಬರೇ, ಇಬ್ಬರೂ ಆಟ ಅಂದರೇನೆಂದು ಗೊತ್ತಿಲ್ಲದ ಮನೆಯವರು. ನಿಮ್ಮ ಪದ್ಧತಿ ಹುಟ್ಟಿನಿಂದಲೇ ಬಂದದ್ದಲ್ಲವೇ? ಅದನ್ನೇ ಬರೆದುಕೊಡಿ.

ಇತಿ,
ಎದುರಾಳಿ ತಂಡದ ವಿಶ್ಲೇಷಕಿ

ಮರೆತದ್ದು: ಫೈನಲ್ ಮುಗಿಸಿ ಪದಕ ಹಾಕಿಕೊಂಡು ಮನೆಗೆ ಹೋದಾಗ ಅಮ್ಮ ಟಿವಿ ಆರಿಸಿ ಕೂತಿದ್ದಳು. ಪಕ್ಕದ ಮನೆಯ ದರ್ಜಿಯಮ್ಮ ಬಾಗಿಲಲ್ಲೇ ನನ್ನನ್ನು ತಡೆದು, "ನಿಮ್ಮಮ್ಮ ಒಂದೇ ಸಮ 'ಎಡಕ್ಕೆ ನೋಡ್ರೀ, ಎಡಕ್ಕೆ' ಅಂತ ಟಿವಿಗೆ ಕೂಗ್ತಿದ್ರು ಕಣೇ" ಎಂದಳು. ಒಳಗೆ ಹೋದೆ. "ಅದನ್ನ ಹೇಳ್ಕೊಟ್ಟಿದ್ದು ನೀನಾ?" ಎಂದು ಅಮ್ಮ ಕೇಳಿದಳು. ಹೌದು ಎಂದೆ. "ಅದು ನಾನು ಅವರಿಗೆ ಬರೆದಿದ್ದು. ನಿನಗಲ್ಲ" ಎಂದಳು. ಒಂಬತ್ತು ದಿನ ನನ್ನೊಂದಿಗೆ ಮಾತನಾಡಲಿಲ್ಲ. ನಿಮ್ಮ ಪತ್ರ ಬಂದ ಮೇಲೆ, ಕಚೇರಿಯಿಂದ ಮರಳಿ ಪ್ರತಿ ಸಂಜೆ ಅಡುಗೆಮನೆಯ ಮೇಜಿಗೆ ಕೂತು, ಹನ್ನೊಂದು ಪುಸ್ತಕಗಳನ್ನೂ ನಿಮಗೆ ಓದಲು ಬರುವಂತೆ ಸಾದಾ ಅಕ್ಷರದಲ್ಲಿ ಬರೆದಳು. ಹೋದ ಬುಧವಾರ ಮುಗಿಯಿತು. ಕಂದು ಕಾಗದದಲ್ಲಿ ಸುತ್ತಿ, ದಾರ ಬಿಗಿದು, ನಿಮ್ಮ ವಿಳಾಸ ಬರೆದು, "ಕೆಲಸಕ್ಕೆ ಹೋಗೋ ದಾರೀಲಿ ಅಂಚೆಗೆ ಹಾಕ್ಬಿಡು" ಎಂದು ಗುರುವಾರ ನನ್ನ ಕೈಗೆ ಕೊಟ್ಟಳು. ಹಾಕಿದೆಯಾ ಎಂದು ಇವತ್ತು ಬೆಳಿಗ್ಗೆ ಕೇಳಿದಳು. ಹಾಕಿದೆ ಎಂದೆ. ಕಟ್ಟು ಕ್ಲಬ್ಬಿನ ನನ್ನ ಕೋಣೆಯಲ್ಲಿ, ಪರದೆಗಳ ಮೇಜಿನ ಕೆಳಗಿದೆ.

ಅದನ್ನು ನಾನು ಕಳುಹಿಸುವುದಿಲ್ಲ.