ಅತ್ತಿಯ ತೂಕಕ್ಕೆ ನಿಂತ ಬ್ಲಾಕು

ಅತ್ತಿ,

ಮೊದಲು ಕೂತುಕೊಳ್ಳಿ. ನಡುವೆ ಬಾಯಿ ಹಾಕಬೇಡಿ. ಇವತ್ತು ನಿಮ್ಮ ಸೊಸೆ ನೀಲಾ ಹೇಳುವುದು, ನೀವು ಕೇಳುವುದು. ಬದುಕಿದ್ದಾಗ ಒಂದು ದಿನವಾದರೂ ಹೀಗಾಗಿತ್ತೇ? ನಾನು ಒಂದು ಮಾತು ಶುರು ಮಾಡಿದರೆ ನೀವು ಅದನ್ನು ಕಸಿದುಕೊಂಡು ನಿಮ್ಮ ಮಾತಾಗಿಯೇ ಮುಗಿಸುತ್ತಿದ್ದಿರಿ. ಈಗ ಸ್ವಲ್ಪ ಸುಮ್ಮನಿರಿ.

ಕೋರ್ ಬಂತು. ನಿಮ್ಮ ಮಡಚುವ ಕೋರ್, ನಮ್ಮ ಬ್ಲಾಕ್ ಯಾರ್ಡಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಕೋರ್, ಕಂಬದ ಬ್ಲಾಕಿನೊಳಗಿಂದ ಒಂದು ಚೂರೂ ಕೀಳದೆ ಹೊರಗೆ ಬಂತು. ಎಳೆದವಳು ನಾನೇ. ಬಾಳೆಹಣ್ಣು ಸುಲಿದಷ್ಟು ಸಲೀಸಾಗಿ ಬಂತು ಅಂದರೆ ನಂಬುತ್ತೀರಾ? ನನಗೇ ನಂಬಿಕೆ ಬರಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ.

ಗೌರಿ ಪಕ್ಕದಲ್ಲೇ ಕೂತು ಇಣುಕುತ್ತಿದ್ದಾಳೆ. ನಿಮ್ಮ ಮೊಮ್ಮಗಳು ಕಾಲೇಜಿಗೆ ಹೋದರೂ ಕನ್ನಡವನ್ನು ಅಕ್ಷರ ಅಕ್ಷರ ಹಿಡಿದು ಓದುತ್ತಾಳೆ. "ಮಮ್ಮಿ, ಕೋರ್ ಮತ್ಲಬ್ ಕ್ಯಾ, ಅದೂ ಲಿಖೋ ನಾ. ಓದಿದ್ರೆ ನನಗೂ ಸಮಜ್ ಬರ್ಬೇಕು" ಅನ್ನುತ್ತಾಳೆ. ನಿಮಗೆ ಕೋರ್ ಅಂದರೇನೆಂದು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಅವಳಿಗಾಗಿ ಬರೆಯುತ್ತೇನೆ, ಕೇಳಿಸಿಕೊಳ್ಳಿ. ಅಚ್ಚಿಗೆ ಕಾಂಕ್ರೀಟು ತುಂಬುವ ಮೊದಲು ನಡುವೆ ಒಂದು ಕಬ್ಬಿಣದ ಡಬ್ಬಿ ಇಡುತ್ತೇವಲ್ಲ, ಅದೇ ಕೋರ್. ಕುಟ್ಟಿ ಮುಗಿದ ಮೇಲೆ ಅದನ್ನು ಮೇಲಕ್ಕೆ ಎಳೆದರೆ ಅದಿದ್ದ ಜಾಗ ಪೊಳ್ಳಾಗಿ ಉಳಿಯುತ್ತದೆ. ಗಿಡ್ಡ ಬ್ಲಾಕಿಗಾದರೆ ಕೋರಿನ ತಲೆ ಅಗಲ, ಕಾಲು ಸಣ್ಣ. ಎಳೆದರೆ ಬರುತ್ತದೆ. ಕಂಬದ ಬ್ಲಾಕು ಎತ್ತರ. ಅದರೊಳಗೆ ಸರಳು ಇಳಿಸಿ ಕಾಂಕ್ರೀಟು ಸುರಿಯುತ್ತಾರೆ, ಹಾಗಾಗಿ ಪೊಳ್ಳು ಮೇಲಿನಿಂದ ಕೆಳಗಿನವರೆಗೂ ಒಂದೇ ಅಳತೆ ಇರಬೇಕು. ಅಂಥ ನೆಟ್ಟನೆಯ ಕೋರನ್ನು ಹಸಿ ಕಾಂಕ್ರೀಟು ಕಚ್ಚಿ ಹಿಡಿದುಬಿಡುತ್ತದೆ. ಜೋರಾಗಿ ಎಳೆದರೆ ಬ್ಲಾಕು ಸೀಳುತ್ತದೆ, ಇಲ್ಲವೇ ಎಳೆದವರ ಹೆಗಲು ಹೋಗುತ್ತದೆ.

ನಿಮ್ಮ ಹೆಗಲು ಹೋದದ್ದು ಹಾಗೇ ಅಲ್ಲವೇ? ಕೊನೆಕೊನೆಗೆ ಬಲಗೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ. ಬೆಳಿಗ್ಗೆ ನಿಮ್ಮ ಹಿಂದೆ ಕೂತು ನಾನೇ ತಲೆ ಬಾಚಿ ತುರುಬು ಕಟ್ಟುತ್ತಿದ್ದೆ. "ಬಿಗಿ ಕಟ್ಟಬ್ಯಾಡ, ನಾ ಏನ್ ಮದಲಗಿತ್ತಿ ಅಲ್ಲ" ಎಂದು ನೀವು ಬೈಯುವುದು, ಸಡಿಲ ಕಟ್ಟಿದರೆ "ತುರುಬು ಕಟ್ಟಾಕೂ ಬರೂದಿಲ್ಲ ಈಕಿಗೆ" ಎಂದು ಇನ್ನಷ್ಟು ಬೈಯುವುದು. ನಿಮ್ಮ ಮಗ ಬಾಗಿಲಲ್ಲಿ ನಿಂತು ಅದನ್ನು ನೋಡಿ ಹೊರಗೆ ಹೋಗುತ್ತಿದ್ದರು. ಅವರಿಗೆ ಆ ಯಾರ್ಡಿನ ಮೇಲೆ ಸಿಟ್ಟು ಬಂದದ್ದು ಆವಾಗಲೇ.

ದಾದರಿನ ಆ ದಿನ ನೆನಪಿದೆಯೇ? ದಸರೆಯ ಖಂಡೇಪೂಜೆಗೆ ಅಚ್ಚುಗಳಿಗೆ ಹಾಕಲು ಚೆಂಡುಹೂವು ಕೊಂಡು ವಾಪಸು ಬರುತ್ತಿದ್ದೆವು. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಉಸಿರಾಡಲೂ ಜಾಗವಿಲ್ಲ. ನೀವು ನಟ್ಟನಡುವೆ ನಿಂತಿದ್ದಿರಿ, ನಿಮ್ಮ ಸುತ್ತ ಹೆಂಗಸರೆಲ್ಲ ಗೋಡೆಗೆ ಒತ್ತಿ ನಿಂತಿದ್ದರು. ತಪ್ಪು ತಿಳಿಯಬೇಡಿ, ನಿಮ್ಮ ಗಾತ್ರ ಅಂಥದ್ದು. ವಿಕ್ರೋಳಿಯಲ್ಲಿ ನೀವು ಹೂವಿನ ಚೀಲ ತಲೆಯ ಮೇಲೆತ್ತಿಕೊಂಡು ನುಗ್ಗಿ ಇಳಿದಿರಿ. ಇಳಿದವರು ಮನೆಗೆ ನಡೆಯುವುದು ಬಿಟ್ಟು ಡಬ್ಬಿಯೊಳಗೇ ನೋಡುತ್ತ ನಿಂತಿರಿ. ನಾನು ಏನೋ ಬಿಟ್ಟುಬಂದಿರೇನೋ ಅಂದುಕೊಂಡೆ. ನೀವು ನನ್ನ ಮೊಣಕೈ ಹಿಡಿದು ಅಂದಿರಿ:

"ನೋಡಿದೇನ ನೀಲಾ? ನಾ ನಡಕ ಇರೂತನಾ ಒಬ್ಬಾಕಿನೂ ಅಳ್ಳಾಡಲಿಲ್ಲ. ನಾ ಇಳದ ಕೂಡ್ಲೆ ಎಲ್ಲಾರೂ ಒಳಗ ಸರದ್ರು. ಈಗ ಅವರನ್ನ ಯಾರ ಬೇಕಾದ್ರೂ ಇಳಸಬಹುದು."

ನನಗೆ ಒಂದೂ ತಿಳಿಯಲಿಲ್ಲ. ಮನೆಗೆ ಬಂದು ಖಾಲಿ ಅಗರಬತ್ತಿ ಡಬ್ಬಿಗಳನ್ನು ಜೋಡಿಸಿ ತೋರಿಸಿದಿರಿ. ನಾಲ್ಕು ಕಡೆ ನಾಲ್ಕು ಪಟ್ಟಿ, ನಡುವೆ ಒಂದು ಬೆಣೆ. ಮೊದಲು ಬೆಣೆಯನ್ನು ಮೇಲಕ್ಕೆ ಎಳೆದರೆ ನಾಲ್ಕೂ ಪಟ್ಟಿ ಒಳಕ್ಕೆ ಬೀಳುತ್ತವೆ, ಕಾಂಕ್ರೀಟು ಬಿಟ್ಟುಕೊಡುತ್ತದೆ, ಆಮೇಲೆ ಒಂದೇ ಕೈಯಲ್ಲಿ ಎತ್ತಿಕೊಳ್ಳಬಹುದು. ಲೋಕಲ್ಲಿನಲ್ಲಿ ದಿನಾ ಲಕ್ಷ ಜನ ಒತ್ತಿಸಿಕೊಳ್ಳುತ್ತಾರೆ, ಅತ್ತಿ. ಅದರಲ್ಲಿ ಕೋರ್ ಕಂಡದ್ದು ನಿಮಗೊಬ್ಬರಿಗೇ.

ವೆಲ್ಡರನ ತಲೆ ತಿಂದು ನೀವು ಅದನ್ನು ಮಾಡಿಸಿದ್ದೂ ಆಯಿತು. ಅದಾದ ಮೇಲಿನ ಕಥೆ ಯಾಕೆ ಕೇಳುತ್ತೀರಿ... ಹಾಲಿನಂಥ ಸಿಮೆಂಟು ನೀರು ಪಟ್ಟಿಗಳ ಸಂದಿಯಲ್ಲಿ ಇಳಿದು ಬೆಣೆಯನ್ನೇ ಕಚ್ಚಿತು. ಘಾಟ್ಕೋಪರಿನ ಭೋಜಣ್ಣನ ಹೋಟೆಲಿನಿಂದ ವಡೆ ಕರಿದು ಉಳಿದ ಎಣ್ಣೆ ತಂದು ಅಚ್ಚಿಗೆಲ್ಲ ಹಚ್ಚುವುದು ನಮ್ಮ ರೂಢಿ. ನೀವು ಆ ಕೋರಿಗೆ ಡಬ್ಬಗಟ್ಟಲೆ ಸುರಿದಿರಿ. ಬೆಣೆ ಜಗ್ಗಲಿಲ್ಲ, ಬೀದಿ ನಾಯಿಗಳು ಮಾತ್ರ ಬ್ಲಾಕುಗಳನ್ನು ನೆಕ್ಕಿ ಸುಖವಾಗಿ ಬೆಳೆದವು. ಹೇಗೋ ಒಂದು ಬ್ಲಾಕು ಹೊರಬಂತು, ಒಳಗೆಲ್ಲ ಕಿತ್ತು ಹೋಗಿತ್ತು. ಆದರೂ ಅದನ್ನು ನೀರು ಹಾಕಿ ಸಾಕಿದಿರಿ. ಗಟ್ಟಿಯಾದ ಮೇಲೆ ಯಾರ್ಡಿನ ಪದ್ಧತಿಯಂತೆ ಪರೀಕ್ಷೆಗೆ ಹತ್ತಿದಿರಿ.

ಗೌರಿ, ಇದನ್ನು ನೀನು ಸಣ್ಣವಳಿದ್ದಾಗ ನೋಡಿರುವೆ, ಮರೆತಿರಬಹುದು. ಹೊಸ ಅಚ್ಚಿನ ಮೊದಲ ಬ್ಲಾಕನ್ನು ನಾವು ಮಾರುವುದಿಲ್ಲ. ಅದರ ಮೇಲೆ ನಿನ್ನ ಅಜ್ಜಿ ಎರಡೂ ಕಾಲೂರಿ ನಿಲ್ಲಬೇಕು. "ಅತ್ತಿ ನಿಂತರ ಬಿಲ್ಡಿಂಗ್ ನಿಂತಂಗ" ಎಂದು ಯಾರ್ಡಿನಲ್ಲಿ ಮಾತೇ ಇತ್ತು.

ಅವತ್ತು ನೀವು ನಿಂತಿರಿ, ಬ್ಲಾಕು ನಿಲ್ಲಲಿಲ್ಲ. ಧಡಕ್ಕನೆ ಕುಸಿಯಿತು. ನೀವು ಜಲ್ಲಿಯ ಗುಡ್ಡೆಯ ಮೇಲೆ ಕೂತಿದ್ದಿರಿ, ಸೀರೆಯೆಲ್ಲ ಧೂಳು. ಎಲ್ಲರೂ ನಗು ತಡೆಯಲು ಮುಖ ತಿರುಗಿಸಿದರು. ನೀವು ಕೂತಲ್ಲಿಂದಲೇ ಬೆರಳು ಎತ್ತಿ ಹೇಳಿದಿರಿ: "ಯಾಕ ನಗ್ತೀರಿ? ಬ್ಲಾಕ್ ಬಿದ್ದದ. ನಾ ಬಿದ್ದಿಲ್ಲ."

ಅದೇ ನಿಮ್ಮ ಕೊನೆಯ ಪರೀಕ್ಷೆಯಾಯಿತು. ಮುಂದಿನ ಖಂಡೇಪೂಜೆಗೆ ನೀವಿರಲಿಲ್ಲ. ನೀವು ನಡುವಿನಿಂದ ಎದ್ದುಹೋದ ಕೂಡಲೇ ನಾವೆಲ್ಲ ಹೇಗೆ ಒಳಕ್ಕೆ ಕುಸಿದೆವು ಅಂತ ಬರೆಯಲು ಕೂತರೆ ಈ ಪತ್ರ ಮುಗಿಯುವುದಿಲ್ಲ. ಬಹಳ ಅತ್ತುಬಿಟ್ಟೆ, ಅತ್ತಿ. ಬೈಸಿಕೊಳ್ಳದೆ ಬೆಳಗು ಆಗುವುದೇ ಇಲ್ಲ ಅನ್ನಿಸುತ್ತಿತ್ತು. ಅಷ್ಟು ಸಾಕು.

ಈ ವರ್ಷ ನಿಮ್ಮ ಮಗ ಗಟ್ಟಿ ಮನಸ್ಸು ಮಾಡಿದರು. ಗಿಡ್ಡ ಬ್ಲಾಕುಗಳನ್ನು ದೊಡ್ಡ ಮಶೀನಿನವರು ಹೊಡೆದು ಗುಡ್ಡೆ ಹಾಕುತ್ತಾರೆ, ನಮ್ಮ ಕೈ ಅಚ್ಚು ಅವರ ಮುಂದೆ ಯಾವ ಲೆಕ್ಕ? ಘಾಟ್ಕೋಪರಿನ ಒಂದು ಸೊಸೈಟಿಯವರು ಕಾಂಪೌಂಡಿಗೆ ಕಂಬದ ಬ್ಲಾಕು ಕೇಳಿದರು. ಅದು ಮಶೀನಿನವರ ಹತ್ತಿರ ಸಿಗುವುದಿಲ್ಲ, ನಮಗೆ ಮಾಡಲು ಬರುವುದಿಲ್ಲ. "ಯಾರ್ಡ್ ಮುಚ್ಚೂನು. ಮಶೀನಿನವರ ಮಾಲು ತಂದು ಮಾರ್ಕೊಂಡು ಇರೂನು. ಅವ್ವನ ಹೆಗಲು ಹೋತು, ಈಗ ನಿಂದೂ ಹೋಗಬೇಕೇನು?" ಎಂದರು ನಿಮ್ಮ ಮಗ. ಅಚ್ಚುಗಳನ್ನು ಒಯ್ಯಲು ಹಳೇ ಕಬ್ಬಿಣ ಕೊಳ್ಳುವ ಭಂಗಾರದವನಿಗೆ ಹೇಳಿಯೂ ಆಯಿತು. ನಿಮ್ಮ ಕೋರೂ ಆ ರಾಶಿಗೇ ಹೋಗುತ್ತಿತ್ತು. ಅದು ಅಡುಗೆಮನೆಯಲ್ಲಿ ನೀರಿನ ಕೊಡದ ಕೆಳಗೆ ಸ್ಟ್ಯಾಂಡಾಗಿ ಕೂತಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಒಂದೇ ಮಾತು ಕೇಳಿದೆ: ಭಂಗಾರದವನು ಬರುವವರೆಗೆ ಯಾರ್ಡನ್ನು ನನಗೆ ಬಿಡಿ.

ಎಣ್ಣೆ ತರಲು ಬೆಳಿಗ್ಗೆ ಭೋಜಣ್ಣನ ಅಡುಗೆಮನೆಗೆ ಹೋದೆ. ಉಡುಪಿ ಕಡೆಯ ಆ ಮನುಷ್ಯ ಆಗ ತಾನೇ ಇಡ್ಲಿ ತಟ್ಟೆ ಇಳಿಸಿದ್ದ. ತಟ್ಟೆ ಬೋರಲು ಹಾಕಿ, ಬಟ್ಟೆಯ ಮೇಲೆ ನೀರು ಚಿಮುಕಿಸಿ, ಮೆಲ್ಲಗೆ ಸುಲಿದ. ಇಡ್ಲಿಗಳು ಒಂದೂ ಮುರಿಯದೆ ಕೂತಿದ್ದವು. ನಾನು ಎಣ್ಣೆ ಡಬ್ಬ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತ ನಿಂತೆ.

"ಎಂತ ನೀಲಕ್ಕ, ಇಡ್ಲಿ ನೋಡ್ಲೇ ಇಲ್ವಾ ನೀವು?"

"ತಟ್ಟೆಗೆ ಎಣ್ಣೆ ಹಚ್ಚಿದರ ಬರೂದಿಲ್ಲೇನ್ರೀ, ಭೋಜಣ್ಣ?"

"ಬರ್ತದೆ, ಅಡಿ ಕಿತ್ತುಕೊಂಡು ಬರ್ತದೆ. ಬಟ್ಟೆ ಬೇಕು ಮಾರಾಯ್ತಿ. ಇಡ್ಲಿಗೂ ತಟ್ಟೆಗೂ ನಡುವೆ ಒಂದು ಇದ್ರೆ ಜಗಳ ಇಲ್ಲ."

ಎಣ್ಣೆ ಅಲ್ಲೇ ಬಿಟ್ಟು ಓಡಿಬಂದೆ. ಮೊದಲು ಒಂದು ತಪ್ಪು ಮಾಡಿದೆ, ಬೈಯಬೇಡಿ. ನಿಮ್ಮ ಹಳೆಯ ಇಳಕಲ್ ಸೀರೆಯ ತುಂಡನ್ನು ಕೋರಿಗೆ ಸುತ್ತಿದೆ. ಹರಿದದ್ದೇ ಇತ್ತು. ಸಿಮೆಂಟು ಸೀರೆಯನ್ನೇ ಕುಡಿದುಬಿಟ್ಟಿತು. ಕೋರ್ ಬಂತು, ಸೀರೆ ಬರಲಿಲ್ಲ. ಒಳಗೆ ಕೆಂಪು ಸೆರಗು ಅಂಟಿಸಿಕೊಂಡ ಆ ಬ್ಲಾಕು ಇನ್ನೂ ಮೂಲೆಯಲ್ಲಿದೆ, ಎತ್ತಿ ಎಸೆಯಲು ಯಾರಿಗೂ ಮನಸ್ಸಾಗಿಲ್ಲ. ಆದರೆ ಒಂದು ಗೊತ್ತಾಯಿತು ನೋಡಿ, ಸಂದಿ ಮುಚ್ಚಿದರೆ ಬೆಣೆ ಬರುತ್ತದೆ. ಬೇಕಾದದ್ದು ನೀರು ಕುಡಿಯದ ಬಟ್ಟೆ. ಅದು ಎಲ್ಲಿ ಸಿಗುತ್ತದೆ?

ಪಂಕ್ಚರ್ ಅಂಗಡಿಯಲ್ಲಿ ಸಿಕ್ಕಿತು, ಅತ್ತಿ. ಲಾರಿ ಚಕ್ರದ ಹಳೆಯ ಟ್ಯೂಬು. ಒಂದು ತುಂಡು ಕತ್ತರಿಸಿ ದಿಂಬಿಗೆ ಕವರು ತೊಡಿಸಿದಂತೆ ನಾಲ್ಕು ಪಟ್ಟಿಗೂ ತೊಡಿಸಿದೆ. ಬೆಣೆ ಇಳಿಸಿದರೆ ರಬ್ಬರು ಬಿಗಿದು ನಿಲ್ಲುತ್ತದೆ. ಬೆಣೆ ಎಳೆದರೆ ಪಟ್ಟಿಗಳ ಜೊತೆ ಅದೂ ಒಳಕ್ಕೆ ಸೆಳೆದುಕೊಳ್ಳುತ್ತದೆ. ಕಾಂಕ್ರೀಟು ತುಂಬಿದೆವು, ಕುಟ್ಟಿದೆವು. ಬೆಣೆ ಹಿಡಿದು ಎಳೆದೆ. ಸುಯ್ ಎಂದು ಬಂತು. ಆಮೇಲೆ ಕೋರನ್ನು ಒಂದೇ ಕೈಯಲ್ಲಿ ಎತ್ತಿದೆ. ಹೆಗಲಿಗೆ ಸುದ್ದಿಯೇ ಹೋಗಲಿಲ್ಲ. ಪೊಳ್ಳಿನೊಳಗೆ ಇಣುಕಿದರೆ ಗೋಡೆ ನುಣ್ಣಗೆ, ಕೈಯಾಡಿಸಬೇಕು ಅನ್ನಿಸುವಷ್ಟು ನುಣ್ಣಗೆ.

ಅದನ್ನು ನೀರು ಹಾಕಿ ಸಾಕಿದ್ದು ಯಾರು ಗೊತ್ತೇ? ನಿಮ್ಮ ಮಗ. ಭಂಗಾರದವನು ಗಾಡಿ ತಂದು ಬಾಗಿಲಲ್ಲಿ ನಿಂತಾಗ "ಬಾದ್ ಮೇ ಆನಾ ಭಾಯಿ" ಎಂದು ಕಳಿಸಿದವರೂ ಅವರೇ. ನನ್ನ ಕಡೆ ತಿರುಗಿ ಮಾತ್ರ ನೋಡಲಿಲ್ಲ. ನಿಮ್ಮದೇ ರಕ್ತ, ಸೋತೆ ಅನ್ನುವ ಮಾತು ನಾಲಿಗೆಗೆ ಬರುವುದಿಲ್ಲ.

ಸೊಸೈಟಿಯ ಸೂಪರ್‌ವೈಜರ್ ಬಂದ. ಸರಳು ಇಳಿಸಿ ನೋಡಿದ, ಎಲ್ಲೂ ತಾಗದೆ ನೆಟ್ಟಗೆ ಇಳಿಯಿತು. "ಬರೋಬರ್ ಆಹೇ, ತಾಯಿ" ಎಂದು, ಅದಾದ ಮೇಲೆ ನಾವು ತೆಗೆದಿದ್ದ ಇನ್ನೊಂದು ಬ್ಲಾಕನ್ನು ಲ್ಯಾಬಿಗೆ ಒಯ್ದ. ಇವತ್ತು ಮಧ್ಯಾಹ್ನ ಅವನ ಫೋನು ಬಂತು. ಪಾಸಾಗಿದೆ, ಆರ್ಡರು ನಮಗೇ. ಯಾರ್ಡು ಮುಚ್ಚುವುದಿಲ್ಲ, ಅತ್ತಿ. ಇನ್ನೂ ನಾಲ್ಕು ಕೋರ್ ಮಾಡಲು ವೆಲ್ಡರಿಗೆ ಹೇಳಿದ್ದೇವೆ. ಯಾರ್ಡಿನಲ್ಲಿ ಇನ್ನು ಯಾರ ಹೆಗಲೂ ಹೋಗುವುದಿಲ್ಲ. ಇದು ನನ್ನ ಮಾತು.

ಆದರೆ ನಾನು ಹೇಳಬೇಕೆಂದು ಕೂತದ್ದು ಲ್ಯಾಬಿನ ಪರೀಕ್ಷೆಯನ್ನಲ್ಲ, ನಮ್ಮ ಪರೀಕ್ಷೆಯನ್ನು. ಫೋನು ಇಟ್ಟ ಮೇಲೆ ಎಲ್ಲರೂ ಮೊದಲ ಬ್ಲಾಕಿನ ಸುತ್ತ ಬಂದು ನಿಂತರು. ನಿಮ್ಮ ಕಾಲದಿಂದ ಮರಳು ಜರಡಿ ಹಿಡಿಯುವ ಯಲ್ಲವ್ವ ಅಂದಳು, "ಅತ್ತಿ ನಿಂದ್ರಬೇಕಿತ್ತು ಈಗ." ನಾನು ಸೆರಗು ಸಿಕ್ಕಿಸಿ ಹತ್ತಿದೆ. ಯಲ್ಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದಳು. "ಇಕಿ ಅತ್ತಿಯ ಅರ್ಧಾನೂ ಆಗೂದಿಲ್ಲ. ಬಸಣ್ಣ, ನೀನೂ ಹತ್ತು."

ತಮ್ಮ ಹೆಸರು ಕೇಳಿದ್ದೇ ನಿಮ್ಮ ಮಗ ಕೆಂಪಾದರು. ಮದುವೆಯಾದಂದಿನಿಂದ ನಾಲ್ಕು ಜನರ ಮುಂದೆ ನನ್ನ ಕೈ ಹಿಡಿದವರಲ್ಲ. ಬ್ಲಾಕಿನ ತಲೆ ಎಷ್ಟಗಲ ಇರುತ್ತದೆ, ನಿಮಗೆ ಗೊತ್ತಿಲ್ಲವೇ? ಹತ್ತಿದರು. ಬೀಳದೆ ನಿಲ್ಲಬೇಕಾದರೆ ಒಬ್ಬರನ್ನೊಬ್ಬರು ಗಟ್ಟಿಯಾಗಿ ತಬ್ಬಿಕೊಳ್ಳಲೇಬೇಕಾಯಿತು. ಯಲ್ಲವ್ವನಿಗೆ ಅದೂ ಸಾಲದು. "ಇನ್ನಾ ಚೂರು ಕಡಿಮಿ ಅದ" ಅಂದಳು. ಗೌರಿ ಓಡಿಹೋಗಿ ನಿಮ್ಮ ಕೋರನ್ನು ಎರಡೂ ಕೈಯಲ್ಲಿ ಹೊತ್ತು ತಂದು ನನ್ನ ಸೊಂಟದ ಮೇಲೆ ಕೂರಿಸಿದಳು. "ಅಬ್ ಅಜ್ಜಿ ಕಾ ತೂಕ ಪೂರಾ ಹೋ ಗಯಾ" ಎಂದು ನಕ್ಕಳು.

ನಿಮ್ಮ ಮಗನ ಗದ್ದ ನನ್ನ ಹಣೆಗೆ ತಾಗುತ್ತಿತ್ತು. ಅವರು ಅಳುತ್ತಿದ್ದರು, ನನಗೊಬ್ಬಳಿಗೇ ಗೊತ್ತಾಗುವಷ್ಟು. "ಇಳಿಯೂನೇನು?" ಎಂದು ಕೇಳಿದರು. ನಾನಂದೆ, "ನಿಂದರ್ರಿ. ಇಷ್ಟು ವರ್ಷ ಅತ್ತಿ ಒಬ್ಬಾಕೀನ ನಿಂತಿದ್ಲು."

ನಿಂತೆವು. ಬ್ಲಾಕೂ ಬಿದ್ದಿಲ್ಲ, ಅತ್ತಿ. ನಾವೂ ಬಿದ್ದಿಲ್ಲ.

ನಿಮ್ಮ ನೀಲಾ